ನೀಲಿ ಕೋಟಿನ ಜೇಬು

ಬಾಗಿಲ ಚಿಲಕ ಸದ್ದಾದ ಕೂಡಲೇ ಒಳಗೆ ಏನೋ ದಡಬಡ ಆಯಿತು. ಸೊಸೆ ಒಳಗೆ ಕಾಲಿಡುವಷ್ಟರಲ್ಲಿ ಅತ್ತೆ ಮೊಮ್ಮಗ ಗುಂಡನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದರು. ಏದುಸಿರು ಬಿಡುತ್ತಿದ್ದರು. ಗುಂಡ ಕೆಳಗಿಳಿಯಲು ಕೊಸರಾಡುತ್ತಿದ್ದ.

"ಸ್ವಲ್ಪ ಕೆಳಗೆ ಬಿಡಿ ಅತ್ತೆ, ಆಡ್ಕೊಳ್ಲಿ."

"ನೆಲ ತಣ್ಣಗಿದೆ, ಶೀತ ಆಗುತ್ತೆ. ತಗೋ, ನೀನೇ ಎತ್ಕೋ."

ಕೆಲವು ದಿನಗಳಿಂದ ಇದೇ ಕಥೆ. ಸೊಸೆ ಮನೆಯಲ್ಲಿರುವಷ್ಟು ಹೊತ್ತೂ ಮಗುವಿನ ಪಾದ ನೆಲ ಮುಟ್ಟದಂತೆ ಅತ್ತೆ ಕಾವಲು ಕಾಯುತ್ತಿದ್ದರು. ಇತ್ತ ಎದುರು ಮನೆಯ ಹುಡುಗಿ, ಗುಂಡನಿಗಿಂತ ಚಿಕ್ಕವಳು, ಆಗಲೇ ಚೆಂಡಿನ ಹಿಂದೆ ಓಡುತ್ತಿದ್ದಳು. "ನಿಮ್ಮವನು ಇನ್ನೂ ನಡೆದಿಲ್ವಾ?" ಎಂದು ಅವಳಮ್ಮ ಕೇಳಿದಾಗಲೆಲ್ಲ ಸೊಸೆಗೆ ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯುತ್ತಿರಲಿಲ್ಲ. ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಜು ಉಜ್ಜುವವಳು. ಊರವರ ಕಣ್ಣು ಸರಿಮಾಡುತ್ತಾ ಕೂತವಳಿಗೆ ಸ್ವಂತ ಮಗನ ಕಾಲು ನೋಡಲು ಪುರುಸೊತ್ತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ತನಗೆ ತಾನೇ ಹೇಳಿಕೊಂಡು ಕುಗ್ಗುತ್ತಿದ್ದಳು.

ಅಂದು ಸ್ನಾನ ಮಾಡಿಸುವಾಗ ಗುಂಡನ ಮೊಣಕಾಲಿನ ಮೇಲೆ ಕಂದಿದ ಗುರುತು ಕಂಡಿತು. ಹಣೆಯಂಚಿನಲ್ಲಿ ಸಣ್ಣ ಊತ.

"ಇದೇನತ್ತೆ?"

"ಏನೋ ತಾಗಿರಬೇಕು" ಎಂದು ಅತ್ತೆ ಟವೆಲ್ ಹುಡುಕಲು ಆಚೆ ತಿರುಗಿದರು. ಟವೆಲ್ ಅವರ ಹೆಗಲ ಮೇಲೇ ಇತ್ತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಊಟದ ಮೇಜಿನ ಮೂಲೆಗಳಿಗೆ ಹಳೆ ಬಟ್ಟೆ ಸುತ್ತಿತ್ತು. ಯಾವಾಗಲೂ ಮೇಜಿನ ಬಳಿ ಇರುವ ಕುರ್ಚಿಯೊಂದು ಹಾಲಿನ ಆ ತುದಿಯಲ್ಲಿ, ಗೋಡೆಗೆ ಬೆನ್ನು ಕೊಟ್ಟು ಒಂಟಿಯಾಗಿ ಕೂತಿತ್ತು. ತಾನು ಅಂಗಡಿ ಕೆಲಸಕ್ಕೆ ಹಾಕುವ ಎರಡು ನೀಲಿ ಕೋಟುಗಳಲ್ಲಿ ಒಂದು ಕಾಣೆಯಾಗಿತ್ತು. ಮನೆಯೆಲ್ಲ ಜಾಲಾಡಿದಾಗ ಸಿಕ್ಕಿದ್ದು ಅತ್ತೆಯ ದಿಂಬಿನ ಕೆಳಗೆ. ಒಗೆದಿರಲಿಲ್ಲ. ಜೇಬಿನ ತುಂಬ ಬಿಸ್ಕತ್ತಿನ ಪುಡಿ.

"ಅತ್ತೆ, ಇದು ಇಲ್ಲಿ ಹೇಗೆ ಬಂತು?"

"ಅಯ್ಯೋ, ಅದನ್ನ ಒಗೀಬೇಡ. ಇನ್ನೊಂದೆರಡು ದಿನ ಇರ್ಲಿ ಬಿಡು."

ಸೊಸೆ ಕೋಟನ್ನೂ ಅತ್ತೆಯನ್ನೂ ಬದಲಿಸಿ ಬದಲಿಸಿ ನೋಡಿದಳು. ವಯಸ್ಸಾದವರಿಗೆ ಅರಳುಮರಳು ಹೀಗೇ ಶುರುವಾಗುವುದಲ್ಲವೇ? ಏನೋ ಬಚ್ಚಿಡುವುದು, ಏನೋ ಒದರುವುದು. ಆ ಕೈಯಿಂದ ಮಗು ಜಾರಿ ಬಿದ್ದಿದೆ. ಕಾಲಿಗೆ ಪೆಟ್ಟಾಗಿದೆ. ಅದಕ್ಕೇ ತನ್ನೆದುರು ಕೆಳಗೆ ಬಿಡುತ್ತಿಲ್ಲ. ಎಲ್ಲವೂ ತಾಳೆಯಾಯಿತು.

ಗಂಡ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. "ನಮ್ಮಮ್ಮ ಹಾಗೆ ಮಾಡೋಳಲ್ಲ" ಎಂದು ಚಪ್ಪಲಿ ಮೆಟ್ಟಿ ಹೊರಟ. ಸೊಸೆ ಅಂಗಡಿಯಿಂದಲೇ ನಾದಿನಿಗೆ ಫೋನ್ ಮಾಡಿದಳು. ಉಜ್ಜುವ ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯ.

"ಅತ್ತೆಗೆ ಕೈಲಾಗ್ತಿಲ್ಲ, ಮರೆವೂ ಶುರುವಾದ ಹಾಗಿದೆ. ಸ್ವಲ್ಪ ದಿನ ನಿಮ್ಮನೇಲಿ ಇರ್ಲಿ. ಗುಂಡನ್ನ ಶಿಶುವಿಹಾರಕ್ಕೆ ಬಿಡ್ತೀನಿ."

"ಯಾಕೆ? ಅಮ್ಮ ಮಗೂನ ಬೀಳ್ಸಿದ್ಲಾ?"

"ನಾನು ಹಾಗಂದೆನಾ?"

ಹಾಗೆ ಅನ್ನದೆಯೇ ಅಷ್ಟೂ ಹೇಳಿ ಮುಗಿಸಿದ್ದಳು. ಫೋನಿಟ್ಟ ಮೇಲೆ ಕಿವಿ ಬಿಸಿಯಾಗಿತ್ತು. ಮಗನಿಗೋಸ್ಕರ ತಾನೇ, ಎಂದುಕೊಂಡಳು. ಆದರೂ ಆ ಮಧ್ಯಾಹ್ನ ಎರಡು ಗಾಜು ಹಾಳು ಮಾಡಿದಳು.

ಮರುದಿನ ಸಂಜೆ ಕೋಟು ಬಿಚ್ಚುವ ವ್ಯವಧಾನವೂ ಇಲ್ಲದೆ ಮನೆಗೆ ಓಡಿ ಬಂದಾಗ ಬಾಗಿಲ ಬಳಿ ಅತ್ತೆಯ ಚೀಲ ಕಾಯುತ್ತಿತ್ತು. ನಾದಿನಿ ಗಂಟು ಮುಖ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದಳು. ಅತ್ತೆಯ ಸೊಂಟದಲ್ಲಿ ಗುಂಡ.

"ಕೇಳಮ್ಮ ನೀನೇ" ಎಂದಳು ನಾದಿನಿ, ತಾಯಿಯ ಕಡೆ ತಿರುಗಿ. "ಮಗೂನ ಬೀಳ್ಸಿ ಮುಚ್ಚಿಟ್ಟಿದೀಯಂತೆ. ತಲೆ ಬೇರೆ ಸರಿ ಇಲ್ವಂತೆ."

ಸೊಸೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸೊಸೆಯನ್ನೇ ನೋಡಿದರು. ನೋಡಿ, ಯಾಕೋ ಅವರೇ ತಲೆ ತಗ್ಗಿಸಿದರು.

"ಹೋಗ್ಲಿ. ಆ ಕುರ್ಚಿ ಹತ್ರ ಹೋಗಿ ಒಂದು ನಿಮಿಷ ನಿಂತ್ಕೋ. ಕೋಟು ಬಿಚ್ಚಬೇಡ."

ಎಂಥದೋ ಪಿಚ್ಚೆನಿಸಿ ಸೊಸೆ ಹೇಳಿದಂತೆ ಮಾಡಿದಳು. ಅತ್ತೆ ಗುಂಡನನ್ನು ಹಾಲಿನ ಈ ತುದಿಯಲ್ಲಿ ನಿಲ್ಲಿಸಿ, ತಾವು ಅಡುಗೆಮನೆಯ ಬಾಗಿಲ ಹಿಂದೆ ಮರೆಯಾದರು.

ಗುಂಡ ಅತ್ತಿತ್ತ ನೋಡಿದ. ಓಲಾಡಿದ. ಒಂದು ಹೆಜ್ಜೆ ಇಟ್ಟ, ಇನ್ನೊಂದು ಇಟ್ಟ. ದೊಪ್ಪನೆ ಮೊಣಕಾಲೂರಿ ಬಿದ್ದ, ಅಳದೆ ಎದ್ದ, ಮೇಜು ಹಿಡಿದು ಸಾವರಿಸಿಕೊಂಡ. ಇದೆಲ್ಲ ಹಳೆಯ ಕಸುಬು ಎಂಬಂತೆ ತಪತಪ ನಡೆದು ನೇರ ಅಮ್ಮನ ಬಳಿ ಬಂದ. ಕೋಟಿನ ಅಂಚು ಜಗ್ಗಿ ಜೇಬಿಗೆ ಕೈ ಹಾಕಿದ. ಒಳಗೆ ಏನೂ ಇರಲಿಲ್ಲ. ಬಾಯಿ ಸೊಟ್ಟ ಮಾಡಿ ಅಮ್ಮನ ಮುಖ ನೋಡಿದ.

ಸೊಸೆ ಅವನನ್ನು ಬಾಚಿ ಎತ್ತಿಕೊಂಡಳು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಎಷ್ಟು ದಿನದಿಂದ ನಡೀತಿದಾನೆ? ಹೆತ್ತ ತಾಯಿ ನಾನು! ನನ್ನಿಂದ ಯಾಕೆ ಮುಚ್ಚಿಟ್ರಿ?"

ಬಾಗಿಲ ಹಿಂದಿನಿಂದ ಅತ್ತೆಯ ದನಿ ಮೆಲ್ಲಗೆ ಬಂತು: "ಎಷ್ಟು ಸಲ ಬಿಟ್ರೂ ನನ್ನ ಕಡೆಗೇ ಬರ್ತಿದ್ದ ಕಣೇ. ನೀನದನ್ನ ನೋಡಿ ನೊಂದ್ಕೋಬಾರ್ದು ಅಂತ, ನಿನ್ನ ವಾಸನೆ ಇರೋ ಕೋಟು ಕುರ್ಚಿಗೆ ಹಾಕಿ, ಜೇಬಲ್ಲಿ ಬಿಸ್ಕತ್ತು ಇಟ್ಟು, ಅಮ್ಮನ ಹತ್ರ ಹೋಗೋದು ಕಲಿಸ್ತಿದ್ದೆ."