ಪಾತು ಕೇಳಿದ ಕಚೇರಿ

ಹಾಡುಗಾರ ಮತ್ತೊಮ್ಮೆ ಕೆಮ್ಮಿದಾಗ ಆದಂ ಕುಂಞಿ ವೇದಿಕೆ ನೋಡುವುದನ್ನು ಬಿಟ್ಟು ಪರದೆಯ ಕಡೆ ತಿರುಗಿದ. ಮದುವೆಯ ಚಪ್ಪರದಲ್ಲಿ ಹೆಂಗಸರಿಗೆಂದು ಕಟ್ಟಿದ ಆ ಬಿಳಿ ಬಟ್ಟೆಯ ಹಿಂದೆ ಅವನ ಹೆಂಡತಿ ಬೀಫಾತುಮ್ಮ ಕೂತಿದ್ದಳು. ಜೀವಮಾನದಲ್ಲಿ ಅವಳು ಕೂತು ಕೇಳುತ್ತಿರುವ ಮೊದಲ ಕಚೇರಿ ಇದು. ಪುತ್ತೂರಿನ ವ್ಯಾಪಾರಿ ಸುಲೈಮಾನ್ ಮಗಳ ಮದುವೆಗೆಂದು ಕಲ್ಲಿಕೋಟೆಯಿಂದ ಹಾಡುಗಾರನನ್ನು ಕರೆಸಿದ್ದ. ಊರಲ್ಲಿ ಅಷ್ಟು ಜನ ಹಾಡುವವರಿರುವಾಗ ಇವನನ್ನೇ ಕರೆಸಬೇಕಿತ್ತೇ ಎಂದು ಆದಂ ಕುಂಞಿ ಒಳಗೊಳಗೇ ಸುಲೈಮಾನನನ್ನು ಬೈದುಕೊಂಡ.

ಆದಂ ಕುಂಞಿಯದು ಕಡಬದಲ್ಲಿ ಒಣಮೀನಿನ ಅಂಗಡಿ. ಸರಕಿಗೆಂದು ಮಂಗಳೂರಿಗೋ ಕಾಸರಗೋಡಿಗೋ ಹೋದಾಗ ಎಲ್ಲಾದರೂ ಪಾಟು ಕಚೇರಿ ಉಂಟೆಂದು ಕಿವಿಗೆ ಬಿದ್ದರೆ ಸಾಕು, ವ್ಯಾಪಾರ ನಾಳೆಗೆ. ಒಣಮೀನು ಹೇಗೂ ಕೆಡುವಂಥದ್ದಲ್ಲ. ಮನೆಗೆ ಬಂದು ಅದನ್ನೆಲ್ಲ ಹೇಳದಿದ್ದರೆ ಮಾತ್ರ ಅವನಿಗೆ ಉಂಡದ್ದು ಜೀರ್ಣವಾಗದು. ಹೆಂಗಸರು ಕಚೇರಿಗೆ ಹೋಗುವ ಕಾಲ ಅದಲ್ಲ. ರೇಡಿಯೋ ಇದ್ದದ್ದೂ ಪೇಟೆಯ ಒಂದೆರಡು ಮನೆಗಳಲ್ಲಿ. ಬೀಫಾತುಮ್ಮ ಬಾಗಿಲಿಗೆ ಒರಗಿ ಕೂರುತ್ತಿದ್ದಳು. ಪಕ್ಕದ ಮನೆಯ ಸೊಸೆ ಪಾತು ಒಲೆಯ ಮೇಲಿದ್ದದ್ದನ್ನು ಹಾಗೇ ಬಿಟ್ಟು ಓಡಿ ಬರುತ್ತಿದ್ದಳು. ಆಮೇಲೆ ಅವನ ಬಾಯಿಗೆ ಬೀಗ ಹಾಕುವವರು ಯಾರು?

ಅವನ ಮಾತಿನಲ್ಲಿ ಈ ಕಲ್ಲಿಕೋಟೆಯ ಹಾಡುಗಾರನೆಂದರೆ ಆರಡಿ ಆಳು, ಮೈಮೇಲೆ ರೇಷ್ಮೆ ಜುಬ್ಬ, ಅವನು ಬಾಯಿ ತೆರೆದರೆ ಗ್ಯಾಸ್‌ಲೈಟಿನ ಸದ್ದೂ ನಿಂತುಹೋಗುತ್ತದೆ. ಕಾಸರಗೋಡಿನಲ್ಲಿ ಹಾಡಿನ ನಡುವೆ ಮಳೆ ಹೊಡೆದರೂ ಒಬ್ಬನೂ ಜಾಗ ಬಿಟ್ಟು ಏಳಲಿಲ್ಲವಂತೆ. ಮೂಗಿನ ತುದಿಯಿಂದ ನೀರಿಳಿಯುತ್ತಿದ್ದರೂ ಇನ್ನೊಂದು, ಇನ್ನೊಂದು ಎಂದು ಕೇಳುತ್ತಿದ್ದರಂತೆ. ನಿಜವೆಂದರೆ ಮೊದಲ ನಾಲ್ಕು ಹನಿಗೇ ಜನ ದಿಕ್ಕಾಪಾಲಾಗಿ ಓಡಿದ್ದರು, ಎಲ್ಲರಿಗಿಂತ ಮುಂದೆ ಆದಂ ಕುಂಞಿ. ಸುಳ್ಳು ಹೇಳಬೇಕೆಂದು ಕೂತವನಲ್ಲ, ಪಾಪ. ಹೇಳುತ್ತಾ ಹೇಳುತ್ತಾ ಅವನೇ ಅದನ್ನು ನಂಬಿಬಿಡುತ್ತಿದ್ದ.

ಈಗ ವೇದಿಕೆಯಲ್ಲಿ ಕೂತಿದ್ದವನು ಹಾರ್ಮೋನಿಯಂ ಹಿಂದೆ ಅರ್ಧ ಮರೆಯಾಗುವಷ್ಟು ಕುಳ್ಳ. ಶೀತವಾಗಿ ಗಂಟಲು ಕಟ್ಟಿತ್ತು. ಒಂದು ಸಾಲು ಹಾಡಿದರೆ ಎರಡು ಗುಟುಕು ಬಿಸಿನೀರು. ಮೈಕ್ ಆಗಾಗ ಕಿರುಚುತ್ತಿತ್ತು. ಯಾರದೋ ಮಗು ರಚ್ಚೆ ಹಿಡಿಯಿತು. ತುಪ್ಪದ ಅನ್ನದ ಪರಿಮಳ ಬಂದದ್ದೇ ತಡ, ಮದುಮಗನ ಕಡೆಯವರು ಸಾಲಾಗಿ ಎದ್ದು ಹೋದರು. ಹಾಡುಗಾರನೂ ಬೇಗನೇ ಸಲಾಂ ಹೇಳಿ ಪೆಟ್ಟಿಗೆ ಮುಚ್ಚಿದ.

ಸುಳ್ಳುಗಾರ ಅನ್ನಿಸಿಕೊಳ್ಳುವ ಭಯ ಆದಂ ಕುಂಞಿಗೆ ಇರಲಿಲ್ಲ. ಒಣಮೀನಿನ ವ್ಯಾಪಾರದಲ್ಲಿ ಅದಕ್ಕಿಂತ ದೊಡ್ಡ ಬಿರುದುಗಳೇ ಸಿಕ್ಕಿದ್ದವು. ಆದರೆ ಇನ್ನು ಮೇಲೆ ತಾನು ಕಚೇರಿ ಕೇಳಿ ಬಂದಾಗ ಬೀಫಾತುಮ್ಮ ಬಾಗಿಲಿಗೆ ಬಂದು ಕೂರದಿದ್ದರೆ? ಹೇಳಿಕೊಳ್ಳಲು ಅವಳಿಲ್ಲದ ಮೇಲೆ ಯಾವ ಹಾಡು ಕೇಳಿ ಏನು ಸುಖ? ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಕಡಬದಲ್ಲಿ ಬಸ್ಸಿನಿಂದ ಇಳಿದು ಮನೆಯ ಕಡೆ ನಡೆಯುವಾಗ ಮೆಲ್ಲಗೆ ಮಾತು ತೆಗೆದ.

"ಇವತ್ತು ಅವನ ಗಂಟಲು ಸರಿ ಇರ್ಲಿಲ್ಲ."

"ಹೌದು," ಎಂದಳು ಬೀಫಾತುಮ್ಮ. ಹೆಜ್ಜೆ ನಿಲ್ಲಿಸದೆ ಮನೆಯ ಕಡೆ ನಡೆದಳು.

ಮರುದಿನ ಬೆಳಿಗ್ಗೆ ಪಾತು ಓಡಿ ಬಂದಳು. ಈ ಕಚೇರಿಗೆಂದೇ ಹೊಸ ಕುಪ್ಪಾಯ ಹೊಲಿಸಿಕೊಂಡಿದ್ದವಳು. ಹೊರಡುವ ಹೊತ್ತಿಗೆ ಅತ್ತೆಗೆ ಜ್ವರ ಏರಿ ಮನೆಯಲ್ಲೇ ಉಳಿದಿದ್ದಳು. ಅವಳನ್ನು ಕಂಡದ್ದೇ ಆದಂ ಕುಂಞಿ ಚಾ ಅರ್ಧಕ್ಕೆ ಬಿಟ್ಟು ಅಂಗಡಿಗೆ ಹೊರಡುವ ನೆಪ ಹುಡುಕಿದ. ಅಷ್ಟರಲ್ಲಿ ಅವಳು ಕೇಳಿಯೇಬಿಟ್ಟಳು.

"ಕಾಕ ಹೇಳಿದ ಹಾಗೆಯೇ ಇದ್ದನಾ ಅವ?"

ಬೀಫಾತುಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. "ಕಾಕ ಹೇಳಿದ್ದು ಎಂತದೂ ಅಲ್ಲ ಪಾತು," ಎಂದಳು.

ಆದಂ ಕುಂಞಿ ಹೊರಡಲು ಎದ್ದ. ಬೀಫಾತುಮ್ಮ ಕಾಲು ಚಾಚಿ ಸರಿಯಾಗಿ ಕೂತು ಶುರುಮಾಡಿದಳು. ಆರಡಿ ಎಲ್ಲಿಯದು, ಚಪ್ಪರದೊಳಗೆ ಅವನು ತಲೆ ಬಗ್ಗಿಸಿಯೇ ಬಂದದ್ದು. ಅವನು ಸ್ವರ ಎತ್ತಿದ ಕೂಡಲೇ ರಚ್ಚೆ ಹಿಡಿದ ಮಗು ತಾಯಿಯ ಹೆಗಲ ಮೇಲೆ ನಿದ್ದೆಹೋಯಿತು. ತುಪ್ಪದ ಅನ್ನ ಬಡಿಸಿ ಆರಿಹೋದರೂ ಮದುಮಗನ ಕಡೆಯವರು ಕೈತೊಳೆಯಲು ಏಳಲಿಲ್ಲ. ಗಂಡ ಕಡಲಿಗೆ ಹೋಗಿ ಬಾರದವಳ ಹಾಡು ಬಂದಾಗ ಅವನ ಗಂಟಲೇ ಕಟ್ಟಿತು. ಒಂದು ಸಾಲು ಹಾಡುವುದು, ತಡೆಯಲಾರದೆ ನಿಲ್ಲಿಸಿ ನೀರು ಕುಡಿಯುವುದು. ಪರದೆಯ ಹಿಂದೆ ಕಣ್ಣೊರೆಸಿಕೊಳ್ಳದವರು ಒಬ್ಬರೂ ಇರಲಿಲ್ಲ.

ಹೊರಡಲು ಎದ್ದಿದ್ದ ಆದಂ ಕುಂಞಿ ಜಗಲಿಯ ತುದಿಯಲ್ಲಿ ಕೂತುಬಿಟ್ಟ. ಎದುರಿನ ಸಾಲಿನಲ್ಲೇ ಕೂತು ಬಂದವನಿಗೆ ಆ ಕಚೇರಿ ತನಗೆ ತಪ್ಪಿಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಪಾತು ಮೂಗೊರೆಸಿಕೊಂಡು, ಅತ್ತೆಗೆ ಗಂಜಿ ಕೊಡಲು ಉಂಟೆಂದು ಎದ್ದು ಹೋದ ಮೇಲೂ ಅವನು ಕೂತಲ್ಲಿಂದ ಏಳಲಿಲ್ಲ. ಹೆಂಡತಿಯ ಮುಖ ನೋಡುತ್ತಲೇ ಇದ್ದ.

"ಹಾಗೆ ಎಂತ ನೋಡುದು?" ಎಂದಳು ಬೀಫಾತುಮ್ಮ. "ಹೋದವರಿಗೆ ಸಿಕ್ಕಿದ್ದು ಅಷ್ಟೇ. ಹೋಗ್ಲಿಕ್ಕೆ ಆಗದವಳಿಗೂ ಅಷ್ಟೇ ಕೊಟ್ರೆ ಹೇಗೆ?"