ಮುಕ್ತಾಬಾಯಿ ಎತ್ತದ ಕೈ

ಹುಲೆಪ್ಪ ತಲೆಯ ರುಮಾಲು ತೆಗೆದು ಮುಕ್ತಾಬಾಯಿಯ ಕಾಲ ಬಳಿ ಇಟ್ಟ. ಪುರಸಭೆಯ ಪಡಸಾಲೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಆಕೆ ಬೆಂಕಿ ತುಳಿದವಳಂತೆ ಹಿಂದೆ ಸರಿದಳು.

“ಏಳ್ರಿ. ಹಿಂಗ ಮಾಡಬ್ಯಾಡ್ರಿ.”

“ಇಲ್ಲಿ ಏನಂತ ಕರೀಲಿ? ಮೆಂಬರ್ ಬಾಯಿ ಅಂತೀನಿ. ಒಂದ ಕೈ ಎತ್ತರಿ, ಮನಿ ಉಳೀತದ.”

ಮುಕ್ತಾಬಾಯಿ ಸೆರಗು ಸರಿಪಡಿಸಿಕೊಂಡು ಸಭೆಯೊಳಗೆ ಹೋದಳು.

ಅದು ೧೯೫೪ರ ಬೇಸಿಗೆ. ಅಕ್ಕಲಕೋಟ ರಸ್ತೆಯ ಆ ಸಣ್ಣ ಊರಿನಲ್ಲಿ ಹಿಂದಿನ ವರ್ಷ ಕಾಲರಾ ಬಂದು ಒಂದೇ ಓಣಿಯ ಮೂರು ಮಕ್ಕಳು ಸತ್ತಿದ್ದರು. ಓಣಿಯ ಕೊಳಚೆ ಬಾವಿಗೆ ಇಳಿಯುತ್ತಿತ್ತು. ಗಟಾರ ಮಾಡಿಸುತ್ತೇನೆಂದು ಹೇಳಿಯೇ ಮುಕ್ತಾಬಾಯಿ ಆರಿಸಿ ಬಂದಿದ್ದಳು. ಈಗ ಸೊಲ್ಲಾಪುರದ ಇಂಜಿನಿಯರ್ ಗಟಾರದ ಗೆರೆ ಎಳೆದಿದ್ದ. ಗೆರೆ ಹುಲೆಪ್ಪನ ಮನೆಯ ನಟ್ಟನಡುವೆ ಹಾದಿತ್ತು. ಆ ಮನೆಯಲ್ಲಿ ಅವನ ತಾಯಿ ಹಣಮವ್ವ ಲಕ್ವ ಹೊಡೆದು ಮಲಗಿದ್ದಳು.

ಮನೆ ಬಿಟ್ಟು ಗಟಾರವನ್ನು ಸುತ್ತು ಬಳಸಿ ಒಯ್ಯಿರೆಂದು ಕೆಲವು ಸದಸ್ಯರು ಹಠ ಹಿಡಿದಿದ್ದರು. ಸುತ್ತು ಬಳಸಿದರೆ ಅದು ಮತ್ತೆ ಬಾವಿಯ ಪಕ್ಕಕ್ಕೇ ಬರುತ್ತಿತ್ತು.

ವಿಷಯ ಚರ್ಚೆಗೆ ಬಂತು. ಮುಕ್ತಾಬಾಯಿ ಎದ್ದು ನಿಂತಳು.

“ಇದು ಮುಗಿಯೂತನ ನಾ ಹೊರಗಿರತೀನ್ರಿ.”

ಅಧ್ಯಕ್ಷ ಭಗವಂತರಾಯರು ಆಗಲಿ ಎಂಬಂತೆ ತಲೆ ತಗ್ಗಿಸಿದರು.

ಪಡಸಾಲೆಗೆ ಬಂದವಳನ್ನು ಹುಲೆಪ್ಪ ಅಡ್ಡಗಟ್ಟಿದ. “ಓಡಿ ಬಂದ್ರೇನು? ಅವ್ವನ್ನ ಎಲ್ಲಿ ಮಲಗಿಸಲಿ? ಬೀದ್ಯಾಗ?”

“ಓಣಿ ಮಂದಿ ಓಣಿ ಸಲುವಾಗಿ ಆರಿಸ್ಯಾರ,” ಎಂದಳು. “ಒಂದ ಮನಿ ಸಲುವಾಗಿ ಅಲ್ಲ.”

ಒಳಗೆ ಎರಡೂ ಕಡೆ ಎದ್ದ ಕೈಗಳು ಸಮವಾದವು. ಅಧ್ಯಕ್ಷರ ಮತ ಗಟಾರದ ಕಡೆ ಬಿತ್ತು. ಆ ಒಂದು ಕೈ ಇದ್ದಿದ್ದರೆ ಮನೆ ಉಳಿಯುತ್ತಿತ್ತು. ಹುಲೆಪ್ಪ ಕಂಬಕ್ಕೆ ಹಣೆ ಚಚ್ಚಿಕೊಂಡ. ಮುಕ್ತಾಬಾಯಿ ಅವನನ್ನು ಹಿಡಿಯಲು ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು.

ಸೋಮವಾರ ಗುದ್ದಲಿಯವರು ಬಂದರು. ಹುಲೆಪ್ಪ ಓಣಿಯ ಮಣ್ಣಿನಲ್ಲಿ ಕುಸಿದು ಕೂತಿದ್ದ. ಒಳಗಿನಿಂದ ಮುದುಕಿಯ ಅಳು ಕೇಳುತ್ತಿತ್ತು. ಗುದ್ದಲಿ ಎತ್ತಲು ಯಾರಿಗೂ ಮನಸ್ಸಾಗಲಿಲ್ಲ. ಒಳಗೆ ಹೋದವಳು ಮುಕ್ತಾಬಾಯಿ ಒಬ್ಬಳೇ.

“ಅತ್ತಿ, ನನ್ನ ಕೊರಳು ಗಟ್ಟಿ ಹಿಡ್ಕೋರಿ” ಎಂದು ಹಣಮವ್ವನನ್ನು ಬೆನ್ನಿಗೇರಿಸಿಕೊಂಡು, ಗಂಡನ ಕಣ್ಣೆದುರೇ, ಮುಕ್ತಾಬಾಯಿ ತನ್ನ ಮನೆಯ ಹೊಸ್ತಿಲನ್ನು ಕೊನೆಯ ಸಲ ದಾಟಿದಳು.