ಮಹಾದೇವಸ್ವಾಮಿ ಹಿಡಿದ ಪ್ಲಗ್ಗು

ಕಾರು ಕೆಮ್ಮಿತು, ಎರಡು ಸಲ ಜಗ್ಗಿತು, ಮಹಾದೇವಸ್ವಾಮಿಯ ಮನೆ ಬಾಗಿಲಿಗೆ ಸರಿಯಾಗಿ ನಿಂತುಬಿಟ್ಟಿತು. ಮೇಲಿನ ಬೀದಿಯಲ್ಲಿ ನಿಲ್ಲಬಾರದ ಜಾಗ ಅಂತ ಒಂದಿದ್ದರೆ ಅದು ಅದೇ. ಹಿಂದಿನ ಸೀಟಿನಲ್ಲಿ ಕೊರಳಿಗೆ ಸುಗಂಧರಾಜದ ಹಾರ, ಮೈಮೇಲೆ ಜರಿ ಶಾಲು ಹೊದ್ದುಕೊಂಡು ಮಾದಮ್ಮ ಕೂತಿದ್ದಳು. ಪಂಚಾಯ್ತಿಯ ಕಸ ಗುಡಿಸುವ ಕೆಲಸದಿಂದ ನಿವೃತ್ತಿಯಾಗಿ, ಸನ್ಮಾನ ಮಾಡಿಸಿಕೊಂಡು ಮನೆಗೆ ಹೊರಟಿದ್ದಳು. ಕಾರು ಓಡಿಸುತ್ತಿದ್ದವಳು ಮಗಳು ಸಂಘಮಿತ್ರಾ.

ಕೆಳಗಿನ ಬೀದಿಯವರು ಹಾರ ಹಾಕಿಕೊಂಡಾಗ ಕೆರೆ ಏರಿ ಸುತ್ತಿಕೊಂಡು ಹೋಗಬೇಕೆಂದು ಆ ಊರಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಬರೆದಿಟ್ಟಿದ್ದರೆ ಯಾರಾದರೂ ಹರಿದುಹಾಕಬಹುದಿತ್ತು. ಬರೆಯದೆ ಇದ್ದದ್ದರಿಂದ ಮದುವೆ ಗಂಡುಗಳೂ ಏರಿ ಮೇಲೇ ಸುತ್ತುತ್ತಿದ್ದರು. ಪೊರಕೆ ಹಿಡಿದು ಬಂದವರಿಗೆ ಮಾತ್ರ ಮೇಲಿನ ಬೀದಿ ಯಾವತ್ತೂ ತೆರೆದೇ ಇತ್ತು.

ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದ ಮಹಾದೇವಸ್ವಾಮಿ ಎದ್ದು ಬಂದ.

"ಏನವ್ವ, ದಾರಿ ತಪ್ತಾ?"

"ದಾರಿ ಸರ್ಯಾಗೇ ಅದೆ ಸಾ. ಗಾಡಿ ನಿಂತೋಯ್ತು."

"ಆಳ್ಗೋಳ್ನ ಕರೀತೀನಿ ಇರು. ಏರಿಗಂಟ ತಳ್ಕೊಡ್ತಾರೆ."

"ಏರಿ ಅತ್ತಿಸ್ಬೇಕು ಅಂದ್ರೆ ಅವ್ವ ಇಳೀಬೇಕಾಯ್ತದೆ ಸಾ. ಈ ಬೀದಿನ ಬಗ್ಗಿ ಬಗ್ಗಿ ಗುಡ್ಸವ್ಳೆ, ಒಂದಿನಾನೂ ಇಲ್ಲಿ ಕೂತಿಲ್ಲ. ಇವತ್ತು ಕೂತ್ಕಂಡೇ ದಾಟ್ತಾಳೆ. ಇಳಿಯಾಕಿಲ್ಲ."

ಮಾದಮ್ಮ ಹಾರ ಸರಿಮಾಡಿಕೊಂಡಳು.

ಸಂಘಮಿತ್ರಾ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾನೆಲ್ ಬೋರ್ಡುಗಳಿಗೆ ವೈರಿಂಗ್ ಮಾಡುವವಳು. ಕಾರಿಗೆ ಹೆಚ್ಚುಕಡಿಮೆ ಅವಳದೇ ವಯಸ್ಸು. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳು ಕೆಟ್ಟಾಗ ನಂಜನಗೂಡಿನ ಗುಜರಿಯಲ್ಲಿ ಹುಡುಕಿ ಬೇರೆ ಗಾಡಿಯವನ್ನು ತಂದು ಕೂರಿಸಿದ್ದಳು. ಅವು ಕರೆಂಟಿನ ವಿಷಯದಲ್ಲಿ ಶುದ್ಧ ಹೊಟ್ಟೆಬಾಕಗಳು. ನಡುವೆ ರೆಸಿಸ್ಟರ್ ಬಾಕ್ಸ್ ಅಂತ ಒಂದನ್ನು ಕೂರಿಸಿ ಅವುಗಳ ಬಾಯಿ ಕಟ್ಟದಿದ್ದರೆ, ಕಾರಿನ ಕಂಪ್ಯೂಟರ್ ಬಿಸಿಯೇರಿ ನಿಂತುಬಿಡುತ್ತದೆ. ಬಾಕ್ಸ್ ಡಿಕ್ಕಿಯಲ್ಲೇ ಇತ್ತು. ಇಷ್ಟು ದೂರಕ್ಕೆ ಏನಾದೀತು, ಭಾನುವಾರ ಹಾಕಿದರಾಯಿತು ಎಂದುಕೊಂಡಿದ್ದಳು.

ಅವಳು ಬಾನೆಟ್ ಎತ್ತಿದಳು. ಡಿಕ್ಕಿಯಿಂದ ಬಾಕ್ಸ್, ಬೆಸುಗೆ ಹಾಕುವ ಕಡ್ಡಿ, ಉದ್ದನೆಯ ಎಕ್ಸ್‌ಟೆನ್ಷನ್ ವೈರು ಒಂದೊಂದಾಗಿ ಹೊರಗೆ ಬಂದವು.

"ಒಂಚೂರು ಕರೆಂಟ್ ಬೇಕಿತ್ತು ಸಾ. ಬೆಸುಗೆ ಬಿದ್ರೆ ಗಾಡಿ ಓಯ್ತದೆ."

"ಪ್ಲಗ್ಗು ನಡುಮನೇಲಿ ಅದೆ ಕಣವ್ವ..."

"ಪರವಾಗಿಲ್ಲ, ನಾನೇ ಒಳೀಕ್ ಬಂದು ಸಿಗಿಸ್ತೀನಿ," ಎಂದು ಅವಳು ಮೆಟ್ಟಿಲ ಮೇಲೆ ಕಾಲಿಟ್ಟೇಬಿಟ್ಟಳು.

ಆ ವಯಸ್ಸಿನಲ್ಲಿ ಮಹಾದೇವಸ್ವಾಮಿ ಹಾಗೆ ಜಿಗಿದದ್ದನ್ನು ಊರು ನೋಡಿರಲಿಲ್ಲ. ವೈರಿನ ತುದಿ ಕಿತ್ತುಕೊಂಡ. "ನಿಂಗ್ಯಾಕ್ ತೊಂದ್ರೆ! ನಾನೇ ಸಿಗಿಸ್ತೀನಿ, ಕೊಡಿಲ್ಲಿ." ಹೆಂಡತಿ ಮಗಳ ಮನೆಗೆ ಹೋಗಿದ್ದಳು. ಒಳಗೆ ಹೋಗಿ ಸಿಗಿಸು ಎನ್ನಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸಿಗಿಸಿದ ಮೇಲೆ ಗೊತ್ತಾದದ್ದು, ಆ ಸಾಕೆಟ್ಟು ಸಡಿಲ. ಕೈ ಬಿಟ್ಟರೆ ಪ್ಲಗ್ಗು ತಾನಾಗಿ ಜೋತುಬೀಳುತ್ತದೆ. ಅವನು ಗೋಡೆಗೆ ಮುಖ ಮಾಡಿ, ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದು ನಿಂತ.

ಹೊರಗೆ ಸಂಘಮಿತ್ರಾ ಇಂಜೆಕ್ಟರುಗಳಿಗೆ ಕರೆಂಟು ಒಯ್ಯುವ ವೈರುಗಳನ್ನು ಕತ್ತರಿಸಿ, ಬಾಕ್ಸಿನ ವೈರುಗಳನ್ನು ನಡುವೆ ಸೇರಿಸಿ, ಬೆಸುಗೆಗೆ ಕೂತಳು. ಅವಸರ ಮಾಡುವ ಕೆಲಸವಲ್ಲ ಅದು. ಅವಳು ಮಾಡಲೂ ಇಲ್ಲ.

"ಸಾ! ಕರೆಂಟ್ ಓಯ್ತು!"

"ಕೈ ಬದ್ಲಾಯಿಸ್ದೆ ಕಣವ್ವ! ಇಡ್ಕಂಡಿವ್ನಿ, ಇಡ್ಕಂಡಿವ್ನಿ!"

ಡೈರಿಗೆ ಹಾಲಿನ ಕ್ಯಾನ್ ಒಯ್ಯುತ್ತಿದ್ದ ರಂಗನಾಯಕ ತೆರೆದ ಬಾಗಿಲಲ್ಲಿ ಇಣುಕಿದ. "ಏನ್ ಸ್ವಾಮ್ಯೋರೆ, ಗ್ವಾಡೆ ಬೀಳ್ತಾ ಅದಾ?"

"ಕರೆಂಟ್ ಇಡ್ಕಂಡಿವ್ನಿ, ಓಗ್ಲಾ ಅತ್ಲಾಗೆ!"

"ಯಾರ್ಗೆ?"

ರಂಗನಾಯಕ ವೈರಿನ ಜಾಡು ಹಿಡಿದು ನೋಡಿದ. ಅದು ನಡುಮನೆ ದಾಟಿ, ಹೊಸಿಲು ದಾಟಿ, ಜಗಲಿ ಇಳಿದು ಮಾದಮ್ಮನ ಕಾರಿಗೆ ಹೋಗಿತ್ತು. ಅವನು ಕ್ಯಾನ್ ಇಳಿಸಿ, ಎದುರುಮನೆ ಕಟ್ಟೆಯ ಮೇಲೆ ಕೂತ. ಹಿಂದಿನಿಂದ ಬಂದವರೂ ಕ್ಯಾನ್ ಇಳಿಸಿದರು. ಆವತ್ತು ಆ ಊರಿನ ಹಾಲು ಡೈರಿಗೆ ಮೊಸರಾಗಿ ತಲುಪಿತೆಂದು ಈಗಲೂ ಹೇಳುತ್ತಾರೆ.

ಕೊನೆಯ ವೈರಿಗೆ ಟೇಪು ಸುತ್ತಿ, ಬಾಕ್ಸನ್ನು ಗಾಳಿ ಬಡಿಯುವ ಕಡೆ ಬೋಲ್ಟು ಹಾಕಿ ಬಿಗಿದು, ಸಂಘಮಿತ್ರಾ ಬಾನೆಟ್ ಇಳಿಸಿದಳು. ಅಷ್ಟರಲ್ಲಿ ಕಂಪ್ಯೂಟರೂ ತಣ್ಣಗಾಗಿತ್ತು. ಸೀಟಿಗೆ ಬಂದು ಕೀಲಿ ತಿರುಗಿಸಿದಳು. ಇಂಜಿನ್ ಶುರುವಾಯಿತು. ಜನ್ಮದಲ್ಲೇ ಕೆಮ್ಮಿಲ್ಲದ ಹಾಗೆ, ಎಷ್ಟು ಮೆತ್ತಗೆಂದರೆ ನಡುಮನೆಯವರೆಗೆ ಸದ್ದೇ ಹೋಗಲಿಲ್ಲ.

ಒಳಗಿಂದ ಸೋತ ದನಿ ಬಂತು. "ಆಯ್ತೇನವ್ವಾ?"

ಸಂಘಮಿತ್ರಾ ಹೂಂ ಅನ್ನಲು ಬಾಯಿ ತೆರೆದಳು. ಹಿಂದಿನಿಂದ ಅವ್ವನ ಕೈ ಅವಳ ಭುಜದ ಮೇಲೆ ಬಿತ್ತು. ಮಾದಮ್ಮ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಸೀಟಿಗೆ ಒರಗಿ, ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಇನ್ನೂ ಇಲ್ಲ ಅನ್ನು ಮಗಾ."